ಬಿಚ್ಚಿ ನೋಡಬಹುದಾದ ಕಾರು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಹಳೆ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ಹಾಡಿ ಹೊಗಳಿದ್ದೀರಿ. ಅದೇ ಕಂಪನಿಯ ಈಗಿನ ಘೋಸ್ಟ್ ಮುಂದೆ ಅದು ಮ್ಯೂಸಿಯಂ ಸಾಮಾನು. ಸದ್ದು, ಬ್ರೇಕು, ಸುರಕ್ಷತೆ, ಯಾವುದರಲ್ಲಿ ಅದು ಮೇಲು?"

ಪತ್ರ ಚೆನ್ನಾಗಿದೆ ಸರ್, ವಿಷಯ ತಿಳಿದೇ ಬರೆದಿದ್ದೀರಿ. ಬ್ರೇಕಿನ ಮಾತು ಒಪ್ಪಿದೆ. 1920ರ ದಶಕದವರೆಗೂ ಹಳೆಯದರ ಮುಂದಿನ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತಯಾರಾಗುವ ಇವತ್ತಿನ ಘೋಸ್ಟ್‌ಗೆ 6.75 ಲೀಟರಿನ 12 ಸಿಲಿಂಡರ್ ಎಂಜಿನ್, ಸದ್ದು ತಡೆಯುವುದಕ್ಕೇ 100 ಕಿಲೋಗೂ ಜಾಸ್ತಿ ಸಾಮಗ್ರಿ. ಕೂತವರಿಗೆ ಸುಖವೇ.

ಆದರೆ ಕಾರು ಅಂದರೆ ಕೂರುವ ಸುಖ ಅಷ್ಟೇನಾ? 1907ರಲ್ಲಿ ಬೆಳ್ಳಿ ಬಣ್ಣದ ಆ ಕಾರನ್ನು ಲಂಡನ್–ಗ್ಲಾಸ್ಗೋ ನಡುವೆ ಮತ್ತೆ ಮತ್ತೆ ಓಡಿಸಿ ಪರೀಕ್ಷೆ ಮಾಡಿದರು. 629ನೇ ಮೈಲಿಗೆ ನಿಂತುಬಿಟ್ಟಿತು. ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತಾನಾಗಿ ಮುಚ್ಚಿಕೊಂಡಿತ್ತು, ಅಷ್ಟೇ. ನಲ್ಲಿ ತಿರುಗಿಸಿ ಹೊರಟರು. ಆಮೇಲೆ ಭಾನುವಾರದ ವಿಶ್ರಾಂತಿ ಬಿಟ್ಟರೆ 14,371 ಮೈಲಿ ಎಲ್ಲೂ ಕೆಟ್ಟು ನಿಲ್ಲಲಿಲ್ಲ. ಓಟ ಮುಗಿದ ಮೇಲೆ ಇಡೀ ಕಾರನ್ನು ಬಿಚ್ಚಿ, ರಾಯಲ್ ಆಟೊಮೊಬೈಲ್ ಕ್ಲಬ್‌ನವರು ಸವೆತ ಎಷ್ಟೆಂದು ಒಂದೊಂದು ಭಾಗವನ್ನೂ ಪರೀಕ್ಷಿಸಿದರು. ಮತ್ತೆ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ 2 ಪೌಂಡ್ 2 ಶಿಲಿಂಗ್ 7 ಪೆನ್ಸ್. ಆ ಮೊತ್ತಕ್ಕಿಂತ, ತಮ್ಮ ಕಾರನ್ನು ಹಾಗೆ ಬಿಚ್ಚಿ ತೋರಿಸಲು ಕಂಪನಿಯವರು ಹೆದರಲಿಲ್ಲ ಅನ್ನುವುದೇ ನನಗೆ ದೊಡ್ಡದು.

ಇನ್ನೊಂದು ಹೇಳುತ್ತೇನೆ. 1918ರಲ್ಲಿ, ತುರ್ಕರ ವಿರುದ್ಧ ಅರಬರ ಜೊತೆ ಸೇರಿ ಕಾದಾಡಿದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಅರಬ್ ಮರುಭೂಮಿಯಲ್ಲಿ ಬಳಸುತ್ತಿದ್ದ ರೋಲ್ಸ್ ರಾಯ್ಸ್ ಒಂದರ ಹಿಂದಿನ ಸ್ಪ್ರಿಂಗ್ ಹಿಡಿದಿಡುವ ಬ್ರಾಕೆಟ್ ಮುರಿಯಿತು. ಸುತ್ತ ಶತ್ರುಗಳು, ವರ್ಕ್‌ಶಾಪ್ ಎಲ್ಲಿ ಬರಬೇಕು? ಡ್ರೈವರ್ ಮರದ ಹಲಗೆ ತುಂಡುಗಳನ್ನು ಒತ್ತುಕೊಟ್ಟು, ತಂತಿ ಸುತ್ತಿ ಬಿಗಿದ. ಕಾರು ಅದೇ ಸ್ಥಿತಿಯಲ್ಲಿ ವಾರಗಟ್ಟಲೆ ದುಡಿದು ಡಮಾಸ್ಕಸ್ ಸೇರಿತು. ಈಗಿನ ಘೋಸ್ಟ್ ದಾರಿಯಲ್ಲಿ ಕೈಕೊಟ್ಟರೆ ಆ ಡ್ರೈವರ್ ಏನು ಮಾಡಿಯಾನು ಹೇಳಿ. ಮೊದಲು ಲ್ಯಾಪ್‌ಟಾಪ್ ಬೇಕು, ಅದರಲ್ಲಿ ಕಂಪನಿಯ ಸಾಫ್ಟ್‌ವೇರ್ ಬೇಕು.

ಕೋಟಿಗಟ್ಟಲೆ ಬೆಲೆಯ ಕಾರಿನ ಮಾತು ನಮಗೇಕೆ ಅಂತೀರಾ? ನಮ್ಮ ಮನೆಯ ಸಣ್ಣ ಕಾರಿಗೂ ಇದೇ ಗತಿ ಸ್ವಾಮಿ. ಹೆಡ್‌ಲೈಟ್ ಉರಿಯಲಿಲ್ಲ ಅಂತ ಸರ್ವಿಸ್‌ಗೆ ಬಿಟ್ಟರೆ "ಬಲ್ಬ್ ಮಾತ್ರ ಬರಲ್ಲ ಸರ್, ಇಡೀ ಸೆಟ್ಟೇ ಹಾಕಬೇಕು" ಅಂದರು. ಮೊಬೈಲ್ ಬ್ಯಾಟರಿ ಅಂಟಿಸಿಟ್ಟಿರುತ್ತಾರೆ. ಮಿಕ್ಸಿ ಕೆಟ್ಟರೆ ಹೊಸದು ತಗೊಳ್ಳಿ ಅಂತಾರೆ. ಅಂಬಾಸಿಡರ್ ಎಂಜಿನ್ನನ್ನು ಸದ್ದಿನಲ್ಲೇ ಓದುತ್ತಿದ್ದ ಮೇಸ್ತ್ರಿಗಳ ಗ್ಯಾರೇಜಿನಲ್ಲಿ ಈಗ ಬರೀ ಪಂಕ್ಚರ್, ಆಯಿಲ್ ಬದಲಾವಣೆ. ಅವರಿಗೆ ಬುದ್ಧಿ ಕಮ್ಮಿ ಆಯಿತಾ? ಇಲ್ಲ, ಬೀಗದ ಕೈ ಕಂಪನಿಯವರು ಇಟ್ಟುಕೊಂಡರು. 2022ರಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ, ಅಂದರೆ ಕೊಂಡ ಸಾಮಾನನ್ನು ಬೇಕಾದಲ್ಲಿ ರಿಪೇರಿ ಮಾಡಿಸುವ ಹಕ್ಕಿನ, ಪೋರ್ಟಲ್ ತೆರೆದಿದ್ದು ಒಳ್ಳೆಯದೇ. ಆದರೆ ರಿಪೇರಿ ಪುಸ್ತಕ, ಬಿಡಿಭಾಗ, ಸಾಫ್ಟ್‌ವೇರ್ ಮೂರೂ ಬೀದಿಯ ಮೇಸ್ತ್ರಿಯ ಕೈಗೆ ಸಿಗಬೇಕು.

ನೀವು ಸುಮ್ನೆ ಕೋಪಿಸಿಕೊಳ್ಳಬೇಡಿ. ಬಿಡುವಾದಾಗ ಶ್ರೀರಂಗಪಟ್ಟಣದ ಬಳಿಯ ಪಯಣ ಕಾರ್ ಮ್ಯೂಸಿಯಂಗೆ ಹೋಗಿಬನ್ನಿ, ಪರಿಚಯದ ಮೇಸ್ತ್ರಿ ಒಬ್ಬರನ್ನು ಜೊತೆಗೆ ಕರೆದುಕೊಂಡು. ಹಳೆಯ ಕಾರುಗಳ ಮುಂದೆ ನಿಂತು ಅವರು ಏನು ಹೇಳಿದರು ಅಂತ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇವೆ.