ಹಳಿಗುಂಟ ಜಾಗಿಂಗ್: ಎಲ್ಲಿ ಓಡಬಹುದು, ಎಲ್ಲಿ ಬೇಡವೇ ಬೇಡ

ಪ್ರಶ್ನೆ: ನಾನು ಡೊಂಬಿವಲಿಯವನು, ವಯಸ್ಸು 38. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡುತ್ತೇನೆ. ಅಮೆರಿಕದಲ್ಲಿರುವ ತಮ್ಮ ಒಂದು ವಿಡಿಯೋ ಕಳಿಸಿದ್ದ. ಬೆಟ್ಟದ ಕಾಡಿನ ನಡುವೆ ಹಳೇ ರೈಲುದಾರಿ, ಅದರ ಮೇಲೆ ಅವನ ಜಾಗಿಂಗ್. ನೋಡಿ ತುಂಬಾ ಆಸೆಯಾಯಿತು. ಈ ಮಳೆಗಾಲದಲ್ಲಿ ಗೆಳೆಯರೆಲ್ಲ ಸೇರಿ ಗೋವಾದ ಕುಳೆಂನಿಂದ ದೂಧಸಾಗರದವರೆಗೆ ಹಳಿಗುಂಟ ಓಡೋಣ ಅಂತಿದ್ದೇವೆ. ತಯಾರಿ ಹೇಗಿರಬೇಕು?

ಉತ್ತರ: ತಯಾರಿಯ ಮಾತು ಆಮೇಲೆ. ಮೊದಲು ದೂಧಸಾಗರದ ಯೋಚನೆ ಬಿಟ್ಟುಬಿಡಿ.

ನಿಮ್ಮ ತಮ್ಮ ಓಡಿದ ದಾರಿಯಲ್ಲಿ ಈಗ ರೈಲು ಓಡುವುದಿಲ್ಲ. ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ನೆಲ ಸಮ ಮಾಡಿ, ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟುಕೊಟ್ಟ ದಾರಿಗಳು ಅವು. ವಿಸ್ಕಾನ್ಸಿನ್‌ನ ಎಲ್ರಾಯ್–ಸ್ಪಾರ್ಟಾ ದಾರಿ 1960ರ ದಶಕದಲ್ಲೇ ಶುರುವಾದದ್ದು. ದೂಧಸಾಗರದ ಮೇಲೆ ಹಾಯುವ ಕುಳೆಂ–ಕ್ಯಾಸಲ್‌ರಾಕ್ ದಾರಿ ಹಾಗಲ್ಲ. ಅದು ಹಗಲೂ ರಾತ್ರಿ ರೈಲು ಓಡುವ ಜೀವಂತ ಹಳಿ. ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳು ಹಿಂದಿನಿಂದಲೂ ಎಂಜಿನ್ ತಳ್ಳಿಸಿಕೊಂಡು ಘಾಟಿ ಹತ್ತುತ್ತವೆ. ತಿರುವು ಜಾಸ್ತಿ, ಹಾಗಾಗಿ ಎದುರಿನ ಗಾಡಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಮಳೆಗಾಲದಲ್ಲಿ 310 ಮೀಟರ್ ಎತ್ತರದಿಂದ ಬೀಳುವ ನೀರಿನ ಅಬ್ಬರದಲ್ಲಿ ಹಾರನ್ ಕೂಡ ಸರಿಯಾಗಿ ಕೇಳಿಸದು. ಸುರಂಗದೊಳಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗ ಎಲ್ಲಿದೆ ಹೇಳಿ?

ಕಾನೂನೂ ಇದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿಯ ಮೇಲೆ ಅತಿಕ್ರಮವಾಗಿ ಹೋದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಜುಲೈನಲ್ಲಿ ಇಲ್ಲಿ ಜನ ಮುಗಿಬಿದ್ದಾಗ, ಹಳಿಗೆ ಇಳಿಯಬೇಡಿ, ರೈಲಿನಲ್ಲಿ ಕೂತೇ ನೋಡಿ ಎಂದು ರೈಲ್ವೆಯವರೇ ಕೇಳಿಕೊಂಡಿದ್ದರು. ಲೋಂಡಾ ಕಡೆಯಿಂದ ಗೋವಾಕ್ಕೆ ಇಳಿಯುವ ಗಾಡಿ ಜಲಪಾತದ ಮುಂದೆಯೇ ಹೋಗುತ್ತದೆ. ಕಿಟಕಿ ಸೀಟು ಹಿಡಿದು ಕಣ್ತುಂಬ ನೋಡಿ.

ಇದೆಲ್ಲ ಬಿಟ್ಟರೂ, ಹಳಿಯ ನಡುವಿನ ಜಾಗ ಓಟಕ್ಕೆ ತಕ್ಕದ್ದೇ ಅಲ್ಲ. ಹಳಿಯ ಕೆಳಗೆ ಅಡ್ಡಲಾಗಿ ಹಾಸಿದ ಒಂದು ಸ್ಲೀಪರ್‌ನಿಂದ ಇನ್ನೊಂದಕ್ಕೆ ಎರಡು ಅಡಿ ಚಿಲ್ಲರೆ ಅಂತರ. ಪ್ರತಿಯೊಂದರ ಮೇಲೂ ಕಾಲಿಟ್ಟರೆ ಹೆಜ್ಜೆ ಗಿಡ್ಡವಾಗುತ್ತದೆ, ಒಂದು ಬಿಟ್ಟು ಒಂದಕ್ಕೆ ಹೋದರೆ ಉದ್ದವಾಗುತ್ತದೆ. ಕಣ್ಣೆಲ್ಲ ಕಾಲಿನ ಮೇಲೆಯೇ ಇರಬೇಕಾಗುತ್ತದೆ, ಕಾಡು ನೋಡುವುದು ಯಾವಾಗ? ಪಕ್ಕದ ಜಲ್ಲಿಯ ಮೇಲೆ ಇಳಿದರೆ ಕಲ್ಲು ಜಾರುತ್ತದೆ, ಪಾದ ಒಳಕ್ಕೆ ಹೊರಳುತ್ತದೆ. ಆ ಕಾಡಿನಲ್ಲಿ ಕಾಲು ಉಳುಕಿದರೆ ಹೊತ್ತು ತರುವುದೇ ದೊಡ್ಡ ಕೆಲಸ.

ನಿಮ್ಮ ಆಸೆ ಮಾತ್ರ ಬಹಳ ಒಳ್ಳೆಯದು, ಅದಕ್ಕೆ ಡೊಂಬಿವಲಿಯಿಂದ ದೂರ ಹೋಗಬೇಕಾಗಿಯೂ ಇಲ್ಲ. ಮುಂಜಾನೆಯ ಕರ್ಜತ್ ಲೋಕಲ್ ಹತ್ತಿ ನೇರಳ್‌ನಲ್ಲಿ ಇಳಿಯಿರಿ. ಶೇರ್ ಟ್ಯಾಕ್ಸಿಯಲ್ಲಿ ಮಾಥೇರಾನ್ ಗಿರಿಧಾಮದ ಬಾಗಿಲಾದ ದಸ್ತೂರಿ ನಾಕಾಕ್ಕೆ ಹೋಗಿ. ಮಾಥೇರಾನ್‌ನೊಳಗೆ ಕಾರು, ಬೈಕ್ ಬಿಡುವುದಿಲ್ಲ, ಅಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಮಾರ್ಕೆಟ್‌ವರೆಗೆ ಮೂರು ಕಿಲೋಮೀಟರ್ ಒಳಗಿನ ದಾರಿ. ಮಿನಿ ಟ್ರೈನ್‌ನ ಹಳಿಯ ಜೊತೆಜೊತೆಗೇ ಕೆಂಪು ಮಣ್ಣಿನ ಕಾಲುದಾರಿ, ಮೇಲೆ ಮರಗಳ ನೆರಳು. ಹೋಗಿ ಬಂದರೆ ನೀವು ದಿನಾ ಓಡುವಷ್ಟೇ ಆಯಿತು. ಇನ್ನೂ ಬೇಕು ಅಂದರೆ ಮಾರ್ಕೆಟ್‌ನಿಂದ ಶಾರ್ಲೆಟ್ ಕೆರೆ, ಎಕೋ ಪಾಯಿಂಟ್ ಕಡೆ ಹೊರಳಿಕೊಳ್ಳಿ. ಅದೃಷ್ಟವಿದ್ದರೆ ಕೆಂದಳಿಲು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಜಿಗಿಯುವುದು ಕಾಣುತ್ತದೆ. ಇಲ್ಲೂ ಹಳಿಯ ನಡುವೆ ಓಡಬೇಡಿ, ದಸ್ತೂರಿ ಪಕ್ಕದ ಅಮನ್ ಲಾಡ್ಜ್ ಸ್ಟೇಷನ್‌ನಿಂದ ಷಟಲ್ ಗಾಡಿ ಬರುತ್ತಿರುತ್ತದೆ. ಮಣ್ಣಿನ ದಾರಿಯಲ್ಲೇ ಇರಿ. ಅಮನ್ ಲಾಡ್ಜ್‌ನಿಂದ ಕೆಳಗೆ ನೇರಳ್ ಕಡೆ ಹಳಿ ಹಿಡಿದು ಇಳಿಯುವ ಸಾಹಸವೂ ಬೇಡ, ಒಂದು ಪಕ್ಕ ಪೂರ್ತಿ ಪ್ರಪಾತ.

ಈ ಹಳಿ ಶುರುವಾದದ್ದು 1907ರಲ್ಲಿ. ಅಗಲ ಬರೀ ಎರಡು ಅಡಿ. ನೇರಳ್‌ನಿಂದ ಮಾಥೇರಾನ್‌ವರೆಗಿನ ಸುಮಾರು 21 ಕಿಲೋಮೀಟರ್ ದಾರಿ ಹತ್ತಲು ಗಾಡಿಗೆ ಎರಡು ಗಂಟೆಗೂ ಮೇಲೆ ಬೇಕು. ಸಮತಟ್ಟಿನಲ್ಲಿ ನೀವು ಆರಾಮಾಗಿ ಓಡುವ ವೇಗವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ!

ಪ್ರಶ್ನೆ: ನನಗೆ 52, ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಸಿಂಹಗಡ ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮಂಡಿ ನೋಯುತ್ತದೆ. ರೈಲುದಾರಿಯಂಥ ಏರು ಮಂಡಿಗೆ ಹಿತ ಅಂತಾರೆ. ನಿಜವಾ?

ಉತ್ತರ: ನಿಜ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಕಡಿದಾದ ಏರಿನಲ್ಲಿ ಅದು ಜಾರುತ್ತದೆ. ಅದಕ್ಕೇ ರೈಲು ಹಾಕುವವರು ಬೆಟ್ಟವನ್ನು ಸುತ್ತಿ ಸುತ್ತಿ ಹತ್ತುತ್ತಾರೆ. ನಿಮ್ಮ ಪಕ್ಕದ ಭೋರ್ ಘಾಟಿಯಲ್ಲಿ 1863ರಲ್ಲಿ ರೈಲು ಶುರುವಾದಾಗ ಅತಿ ಕಡಿದಾದ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಮಾಥೇರಾನ್‌ನಲ್ಲಿ 20ಕ್ಕೆ 1, ರೈಲಿಗೆ ಅದು ಬಹಳ ಜಾಸ್ತಿ, ಮನುಷ್ಯನ ಕಾಲಿಗೆ ಸುಲಭವೇ. ಸಿಂಹಗಡದ ಕಾಲುದಾರಿ ಇವೆರಡಕ್ಕಿಂತ ಎಷ್ಟೋ ಕಡಿದು.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತಾ ಉದ್ದವಾಗುತ್ತಿರುತ್ತದೆ. ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುವುದು ಆಗಲೇ. ಆದ್ದರಿಂದ ಕೆಲವು ತಿಂಗಳು ಹತ್ತುವಾಗ ಜಾಗ್ ಮಾಡಿ, ಇಳಿಯುವಾಗ ನಡೆಯಿರಿ. ಇಳಿಯುವ ಹೆಜ್ಜೆ ಚಿಕ್ಕದಾಗಿರಲಿ, ಪಾದ ದೇಹದ ಕೆಳಗೇ ಬೀಳಲಿ, ಮುಂದಕ್ಕೆ ಚಾಚಬೇಡಿ. ಮನೆಯಲ್ಲಿ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನು ನಿಧಾನಕ್ಕೆ ಕೆಳಗಿಳಿಸಿ, ಹಿಮ್ಮಡಿ ನೆಲ ಮುಟ್ಟಿಸಿ, ವಾಪಸ್ ಎತ್ತಿ. ಎರಡೂ ಕಾಲಿಗೆ ಹತ್ತತ್ತು ಸಲ, ವಾರಕ್ಕೆ ಮೂರು ದಿನ ಸಾಕು. ಮಂಡಿ ಊದಿಕೊಂಡರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ ಓಟ ನಿಲ್ಲಿಸಿ, ಮೂಳೆ ಡಾಕ್ಟರ್‌ಗೆ ತೋರಿಸಿ. ಸದ್ಯಕ್ಕೆ ವೇತಾಳ್ ಟೇಕಡಿಯಲ್ಲಿ ಏರು ಕಡಿಮೆ ಇರುವ ದಾರಿ ಹಿಡಿಯಿರಿ, ನಿಮಗೆ ಮನೆ ಹತ್ತಿರವೇ.

ಭೋರ್ ಘಾಟಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮೊದಲು ಅಲ್ಲಿ ಗಾಡಿ ದಿಕ್ಕು ಬದಲಿಸುವ ರಿವರ್ಸಿಂಗ್ ಸ್ಟೇಷನ್ ಇತ್ತು. 1929ರಲ್ಲಿ ಹೊಸ ದಾರಿ ಮಾಡಿ ಅದನ್ನು ಕೈಬಿಟ್ಟರು. ಹೀಗೆ ಬಿಟ್ಟ ಹಳೇ ದಾರಿಗಳನ್ನು ಓಡುವ ಹಳಿಯಿಂದ ಬೇಲಿ ಹಾಕಿ ಬೇರೆ ಮಾಡಿ, ಜನರಿಗೆ ನಡೆಯಲು ಕೊಟ್ಟರೆ ಎಷ್ಟು ಚೆನ್ನ! ಕಾಡು ಕಡಿಯದೆ, ಹೊಸ ರಸ್ತೆ ಕೊರೆಯದೆ ಸಿಗುವ ದಾರಿ ಅದು. ನಮ್ಮ ಓಟಗಾರರ ಗುಂಪುಗಳು ಇದನ್ನು ಒಟ್ಟಾಗಿ ಕೇಳಬೇಕು ಅನ್ನುವುದು ನನ್ನ ಬಹುದಿನದ ಆಸೆ.

ಪ್ರಶ್ನೆ: ಜುಲೈನಲ್ಲಿ ಮಾಥೇರಾನ್‌ನಲ್ಲಿ ಓಡಬಹುದಾ? ಎಂಥ ಶೂ ಬೇಕು? (ಠಾಣೆಯ ಓದುಗರು)

ಉತ್ತರ: ಓಡಬಹುದು, ಜೋರು ಮಳೆಯ ಎಚ್ಚರಿಕೆ ಇರುವ ದಿನ ಮಾತ್ರ ಬೇಡ. ಮಳೆಗಾಲದಲ್ಲಿ ನೇರಳ್‌ನಿಂದ ಮಿನಿ ಟ್ರೈನ್ ಇರುವುದಿಲ್ಲ, ಅಮನ್ ಲಾಡ್ಜ್‌ನಿಂದ ಮೇಲೆ ಷಟಲ್ ಇರುತ್ತದೆ. ರಸ್ತೆಗೆ ಹಾಕುವ ಸಪಾಟು ಅಡಿಯ ಶೂ ಪಾಚಿಗೆ ಜಾರುತ್ತದೆ. ಅಡಿಯಲ್ಲಿ ಆಳವಾದ ಗೀರು, ಗಂಟು ಇರುವ ಟ್ರೇಲ್ ಶೂ ತೆಗೆದುಕೊಳ್ಳಿ. ಕೆಂಪು ಮಣ್ಣಿಗಿಂತ ಒದ್ದೆ ಕಲ್ಲು ಮತ್ತು ಕುದುರೆ ಲದ್ದಿ ಜಾಸ್ತಿ ಜಾರುತ್ತವೆ. ಮಂಜು ಕವಿದರೆ ಪಾಯಿಂಟ್‌ಗಳ ಅಂಚಿಗೆ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಹಿಡಿದು ಓಡಬೇಡಿ, ಮಂಗಗಳು ಕಿತ್ತುಕೊಳ್ಳುತ್ತವೆ. ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳಿ, ವಾಪಸ್ ಲೋಕಲ್ ಹತ್ತುವ ಮೊದಲು ಬೇಕಾಗುತ್ತದೆ.