ಕಮ್ಯೂನ್ ಅಂದ್ರೆ ನಮ್ಮ ವಾರ್ಡ್ ಥರಾನಾ ಅಂತ ಕೇಳಿದ್ರಲ್ಲ

ಸ್ವೀಡನ್‌ನ ಸ್ಟಾಕ್‌ಹೋಮ್ ಊರಿನ ಕಿಸ್ತಾದಲ್ಲಿ ಕೆಲ್ಸ ಸಿಕ್ಕಿದೆ, ಮನೆ ಪಕ್ಕದ ಸೊಲ್ಲೆಂತೂನದಲ್ಲಿ ನೋಡ್ತಿದೀನಿ, ಎಲ್ರೂ ಯಾವ ಕಮ್ಯೂನ್ ಅಂತಾನೇ ಕೇಳ್ತಾರಲ್ಲ, ಏನದು ಅಂತ ಕೇಳಿದೀರಿ. ವಾರ್ಡ್ ಅಲ್ಲ, ಅದಕ್ಕಿಂತ ತುಂಬಾ ದೊಡ್ಡದು, ನಮ್ಮ ನಗರಸಭೆ ಥರ ತನ್ನದೇ ಕೌನ್ಸಿಲ್ ಇರೋ ಸ್ಥಳೀಯ ಆಡಳಿತ. ಊರಲ್ಲಿ ಕೂತು ನಾವು ಸ್ಟಾಕ್‌ಹೋಮ್ ಅಂತ ಒಂದೇ ಹೆಸ್ರು ಹೇಳ್ತೀವಿ, ಆದ್ರೆ ಆ ಜಿಲ್ಲೇಲೇ 26 ಕಮ್ಯೂನ್ ಇವೆ, ಇಡೀ ಸ್ವೀಡನ್‌ನಲ್ಲಿ 290. ನಿಮ್ಮ ಆಫೀಸ್ ಒಂದು ಕಮ್ಯೂನಲ್ಲಿ, ಮನೆ ಇನ್ನೊಂದ್ರಲ್ಲಿ. ಲೆಕ್ಕಕ್ಕೆ ಬರೋದು ಮನೆ.

ಯಾಕಂದ್ರೆ ಸಂಬಳದಲ್ಲಿ ಕಟ್ ಆಗೋ ಟ್ಯಾಕ್ಸು ಮೊದ್ಲು ಹೋಗೋದು ಕಮ್ಯೂನಿಗೆ ಮತ್ತೆ ರೀಜನ್ನಿಗೆ (ಅಂದ್ರೆ ಜಿಲ್ಲಾ ಮಟ್ಟದ ಆಡಳಿತಕ್ಕೆ), ಎರಡೂ ಸೇರಿ ಸರಾಸರಿ ಶೇ. 32ರ ಆಸುಪಾಸು, ಕೇಂದ್ರ ಸರ್ಕಾರದ ಇನ್‌ಕಮ್ ಟ್ಯಾಕ್ಸ್ ಒಂದು ಮಿತಿ ದಾಟಿದ ಸಂಬಳಕ್ಕೆ ಮಾತ್ರ. ಕಮ್ಯೂನ್ ಪಾಲು ಎಷ್ಟು ಅಂತ ಆ ಊರಿನ ಕೌನ್ಸಿಲ್ಲೇ ತೀರ್ಮಾನ ಮಾಡುತ್ತೆ. ಆ ದುಡ್ಡಲ್ಲೇ ಸ್ಕೂಲು, ವಯಸ್ಸಾದವರ ಆರೈಕೆ, ಲೈಬ್ರರಿ, ರಸ್ತೆ ಮೇಲಿನ ಹಿಮ ತೆಗೆಸೋದು, ನಿಮಗೆ ಫ್ರೀಯಾಗಿ ಸ್ವೀಡಿಷ್ ಕಲಿಸೋದೂ. ಆಸ್ಪತ್ರೆ, ಬಸ್ಸು ರೀಜನ್ನಿಂದು.

ನಮ್ಮ ಕಮ್ಯೂನಲ್ಲಿ ಅಲ್ಲಿ ವಾಸ ಇರೋ ಯಾರು ಬೇಕಾದ್ರೂ ಕೌನ್ಸಿಲ್ಲಿಗೆ ಪ್ರಸ್ತಾವ ಕೊಡಬಹುದು, ಮಕ್ಕಳೂ ಸಹ (ಎಲ್ಲಾ ಕಡೆ ಈ ಪದ್ಧತಿ ಇಲ್ಲ). ಡಿಸೆಂಬರಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು, ಮೂರನೇ ಕ್ಲಾಸಲ್ಲಿದ್ದ ನನ್ನ ಮಗಳು ಸ್ಕೂಲಿನ ಕಾಲುದಾರಿಗೆ ಒಂದು ದೀಪದ ಕಂಬ ಹಾಕಿ ಅಂತ ಬರೆದ್ಲು. ನಿಮ್ಮ ಪ್ರಸ್ತಾವ ಸಮಿತಿಗೆ ಹೋಗಿದೆ ಅಂತ ಅವಳ ಹೆಸರಿಗೇ ಕಾಗದ ಬಂತು, ಮುಂದಿನ ಚಳಿಗಾಲಕ್ಕೆ ಕಂಬಾನೂ ಬಂತು. ಆ ಕಾಗದ ಇನ್ನೂ ನಮ್ಮ ಫ್ರಿಡ್ಜ್ ಮೇಲಿದೆ.

ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಿಟಿಜನ್ ಆಗ್ದೇ ಇದ್ರೂ ಇಲ್ಲಿ ರಿಜಿಸ್ಟರ್ ಆಗಿ ಸತತ ಮೂರು ವರ್ಷ ಆದ್ರೆ ಕಮ್ಯೂನ್, ರೀಜನ್ ಎರಡಕ್ಕೂ ಓಟು ಇದೆ, 1976ರಿಂದಾನೇ ವಿದೇಶೀಯರು ಹಾಕ್ತಿದಾರೆ. ಪಾರ್ಲಿಮೆಂಟಿನ ಹಳದಿ ಚೀಟಿ ನಮಗಿಲ್ಲ, ಕಮ್ಯೂನಿನ ಬಿಳಿ ಚೀಟಿ, ರೀಜನ್ನಿನ ನೀಲಿ ಚೀಟಿ ನಮ್ದೇ. ಬೆಂಗಳೂರಲ್ಲಿ 2020ರ ಸೆಪ್ಟೆಂಬರಲ್ಲಿ ಪಾಲಿಕೆ ಅವಧಿ ಮುಗಿದ್ಮೇಲೆ ವರ್ಷಗಟ್ಲೆ ಕಾರ್ಪೊರೇಟರೇ ಇರ್ಲಿಲ್ವಲ್ಲ, ಆ ಹೊತ್ತಲ್ಲೇ 2022ರಲ್ಲಿ ನಾನು ಇಲ್ಲಿ ಆ ಬಿಳಿ ಚೀಟಿ ಹಿಡಿದು ನಿಂತಿದ್ದೆ, ನಿಜವಾಗ್ಲೂ ಗಂಟಲು ಕಟ್ಟಿತ್ತು.

ಮಗೂಗೆ ಎರಡು ವರ್ಷ ಅಂದ್ರಿ, ಹಾಗಾಗಿ ಮನೆ ಅಡ್ರೆಸ್ ರಿಜಿಸ್ಟರ್ ಆದ ತಕ್ಷಣ ಕಮ್ಯೂನ್ ಸೈಟಲ್ಲಿ ಪ್ರಿಸ್ಕೂಲಿಗೆ ಅರ್ಜಿ ಹಾಕಿ. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಜಾಗ ಕೊಡ್ಲೇಬೇಕು ಅಂತ ಕಾನೂನಿದೆ, ಆದ್ರೆ ಮನೆ ಪಕ್ಕದ್ದೇ ಸಿಗುತ್ತೆ ಅಂತೇನಿಲ್ಲ, ತಡ ಮಾಡ್ಬೇಡಿ.