ಫಾರ್ಮ್ ತುಂಬಿದ್ದು ಯಾರು, ಅಕ್ಕಾ?

ಮುಂಬೈ ಪಕ್ಕದ ಡೊಂಬಿವಲಿಯಿಂದ ಬಂದ ಒಂದು ಪತ್ರ ಓದಿ ಸಿಟ್ಟು ಬಂತು. ಬರೆದವರ ಮೇಲಲ್ಲ, ಅದರಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದವರ ಮೇಲೆ.

ವಿಷಯ ಇಷ್ಟು. ಊರು ಕುಂದಾಪುರದ ಕಡೆ. ಗಂಡ ಘಾಟ್ಕೋಪರ್‌ನ ಹೋಟೆಲೊಂದರಲ್ಲಿ ಕ್ಯಾಷಿಯರ್. ಮಗಳು ಈ ಸಲ 71 ಪರ್ಸೆಂಟ್ ತೆಗೆದು ಹತ್ತನೆಯದು ಪಾಸು. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುತ್ತೇನೆ ಅಂತ ಹಟ. ‘ನಮ್ಮಲ್ಲಿ ಯಾರೂ ಆ ಕೆಲಸ ಮಾಡಿದವರಿಲ್ಲ, ಹುಡುಗಿ ಬೇರೆ. ಹೊಲಿಗೆ ಕೋರ್ಸಿಗೆ ಅವಳನ್ನು ಒಪ್ಪಿಸುವುದು ಹೇಗೆ?’ ಅನ್ನುವುದು ತಾಯಿಯ ಪ್ರಶ್ನೆ.

ಅಕ್ಕಾ, ಆ ಪ್ರಶ್ನೆ ಪಕ್ಕಕ್ಕಿರಲಿ. ಪತ್ರದ ಕೊನೆಯಲ್ಲಿ ‘ಫಾರ್ಮನ್ನು ನನ್ನ ಅಣ್ಣನೇ ತುಂಬಿದ, ಹೊಲಿಗೆ ಮೊದಲು ಹಾಕಿದ್ದಾನೆ, ಲಾಗಿನ್ ಎಲ್ಲ ಅವನ ಹತ್ರ ಇದೆ, ಬದಲಿಸಲು ಇನ್ನೂ ಟೈಮ್ ಇದೆಯಂತೆ’ ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲಿ. ಮಹಾರಾಷ್ಟ್ರದ ಐಟಿಐ ಪ್ರವೇಶದಲ್ಲಿ ಮೊದಲ ಆದ್ಯತೆಯ ಸೀಟು ಸಿಕ್ಕರೆ ಅದನ್ನೇ ತಗೋಬೇಕು. ಬೇಡ ಅಂದರೆ ಮುಂದಿನ ಸುತ್ತುಗಳಿಗೆ ಅವಳು ಲೆಕ್ಕಕ್ಕೇ ಇಲ್ಲ. ಅಂದ್ರೆ ನೀವು ಮಗಳ ಮನಸ್ಸು ತಿರುಗಿಸುವ ಉಪಾಯ ಕೇಳುತ್ತಾ ಕೂತಿರುವಾಗ ನಿಮ್ಮಣ್ಣ ಅವಳ ಮುಂದಿನ ದಾರಿ ಆಗಲೇ ತೀರ್ಮಾನ ಮಾಡಿ ಆಗಿದೆ.

ನಾನು ಇಲ್ಲಿ ಬೇಜಾರು ಬರುವಷ್ಟು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಮಕ್ಕಳು ಕೇಳುವುದು ಕಣ್ಣಿಗೆ ಬಿದ್ದ ಕೆಲಸವನ್ನೇ. ಅಪ್ಪ ಫಿಟ್ಟರ್ ಆದರೆ ಮಗನಿಗೆ ಫಿಟ್ಟರ್ ಗೊತ್ತು, ಹೋಟೆಲಿನವರ ಮನೆಯಲ್ಲಿ ಹೋಟೆಲ್ ಗೊತ್ತು, ಹುಡುಗಿಯರಿಗೆ ಹೊಲಿಗೆ, ಬ್ಯೂಟಿ ಪಾರ್ಲರ್ ಅಂತ ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಆದರೆ ಇದೇ ಮುಂಬೈಯಲ್ಲಿ ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದ ನಮ್ಮ ಹುಡುಗರು ಬ್ಯಾಂಕು ಸೇರಿದರು, ವಕೀಲರಾದರು. ಅವರ ಮನೆಯಲ್ಲಿ ಯಾರು ವಕೀಲರಿದ್ದರು?

ನಿಮ್ಮ ಮಗಳಿಗಂತೂ ಈ ಕೆಲಸ ಗಾಳಿಯಲ್ಲಿ ಹೊಳೆದದ್ದಲ್ಲ. ಫ್ಯಾನು ನಿಧಾನ ಆದಾಗ ಮೇನ್ ಆಫ್ ಮಾಡಿ, ಸ್ಟೂಲ್ ಹತ್ತಿ, ಹಳೇ ಕಂಡೆನ್ಸರ್ ಬಿಚ್ಚಿ, ಅದರ ಮೇಲಿದ್ದ ನಂಬರ್ ನೋಡಿಕೊಂಡು ಅಂಗಡಿಯಿಂದ ಅದೇ ನಂಬರಿನದು ತಂದು ಹಾಕಿದಳು ಅಂತ ನೀವೇ ಬರೆದಿದ್ದೀರಿ, ಅದೂ ದೂರಿನ ಹಾಗೆ! ಮೇನ್ ಮೊದಲು ಆಫ್ ಮಾಡಿದಳು ನೋಡಿ, ನನಗೆ ಅಷ್ಟು ಸಾಕು.

ಹೊಲಿಗೆ ಕೀಳು ಅಂತಲ್ಲ. ಅವಳಿಗೆ ಬೇಡ, ಅಷ್ಟೇ. ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸು. ಮುಗಿಸಿದವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿ ಇದೆ. ಇಲ್ಲವಾ, ಅಪ್ರೆಂಟಿಸ್ ಆಗಬಹುದು. ಮಧ್ಯ ರೈಲ್ವೆ ಪರೇಲ್, ಮಾಟುಂಗಾ ವರ್ಕ್‌ಶಾಪುಗಳಿಗೆ, ನಿಮ್ಮ ಪಕ್ಕದ ಕಲ್ಯಾಣದ ಶೆಡ್ಡುಗಳಿಗೆ ಅಪ್ರೆಂಟಿಸ್‌ಗಳನ್ನು ತಗೊಳ್ಳುತ್ತದೆ, ಹತ್ತನೆಯ ಮತ್ತು ಐಟಿಐ ಅಂಕ ನೋಡಿ. ಕಲಿಯುವಾಗ ಸ್ಟೈಪೆಂಡ್ ಇರುತ್ತದೆ. ಕೆಲಸ ಖಾಯಂ ಅಂತ ಯಾರೂ ಬರೆದುಕೊಡುವುದಿಲ್ಲ, ಅದೂ ನಿಜ. ಹೊಲಿಗೆಗೆ ಮಾತ್ರ ಬರೆದುಕೊಡುತ್ತಾರಾ?

ನಿಮ್ಮ ಯಜಮಾನರು ‘ಅವಳಿಷ್ಟ’ ಅಂದರಂತೆ. ಅದನ್ನು ನೀವು ಉದಾಸೀನ ಅಂತ ತಿಳಿದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಇಡೀ ಪತ್ರದಲ್ಲಿ ಹುಡುಗಿಯನ್ನು ನಂಬಿದ್ದು ಅವರೊಬ್ಬರೇ. ‘ಹುಡುಗಿ ಕಂಬ ಹತ್ತುತ್ತಾಳಾ’ ಅಂತ ನಕ್ಕ ಸೋದರಮಾವನಿಗೆ ಎಲೆಕ್ಟ್ರಿಷಿಯನ್ ಅಂದ್ರೆ ಕಂಬ ಒಂದೇ ಗೊತ್ತು, ಪ್ಯಾನೆಲ್, ಮೋಟಾರ್, ಲಿಫ್ಟು ಯಾವುದೂ ಕಂಡಿಲ್ಲ ಅಂತ ಕಾಣುತ್ತದೆ.

ಹಾಗಾಗಿ ನಿಮಗೆ ಒಂದೇ ಕೆಲಸ. ಇವತ್ತೇ ಅಣ್ಣನಿಗೆ ಫೋನ್ ಮಾಡಿ ಪಾಸ್‌ವರ್ಡ್ ತಗೊಳ್ಳಿ. ಓಟಿಪಿ ಅವರ ಮೊಬೈಲಿಗೆ ಹೋಗುವುದಾದರೆ ಎದುರು ಕೂತು ತಗೊಳ್ಳಿ. ಆದ್ಯತೆ ಬದಲಿಸುವ ಅವಕಾಶ ಮುಚ್ಚುವ ಮೊದಲು ಎಲೆಕ್ಟ್ರಿಷಿಯನ್ ಮೇಲಕ್ಕೆ ಬರಬೇಕು, ಅದನ್ನು ಒತ್ತುವ ಬೆರಳು ಮಗಳದೇ ಆಗಿರಬೇಕು. ಅಣ್ಣ ಮುನಿಸಿಕೊಂಡರೆ ಚೌತಿ ಹೊತ್ತಿಗೆ ಸರಿಹೋಗುತ್ತಾರೆ ಬಿಡಿ.